ಅಂಕಿಯ ಮೇಲೊಂದು ಗೆರೆ

ಪೊಟ್ಟಣ ಚಿಕ್ಕದು, ತೂಕ ಮಾತ್ರ ಹೆಚ್ಚು.
ಕೈಗೆ ಬಂದ ಕೂಡಲೇ ಗೊತ್ತಾಗುತ್ತಿತ್ತು
ಇದು ಕೋಸ್ಕೆಲಾ ಮನೆಗೆ ಎಂದು,
ವಿಳಾಸ ಓದುವ ಮೊದಲೇ.

ಲಾರಿಯಮ್ಮಿನಲ್ಲಿ ಹದಿನೇಳು ಚಳಿಗಾಲ
ಟಪಾಲು ಹಂಚಿದವಳು ನಾನು.
ತಾಮ್ರದ ಗಣಿ ಮುಚ್ಚಿತು, ಗಣಿಯವರ ಮಕ್ಕಳೂ ಮುದುಕರಾದರು,
ಹಿಮವೊಂದೇ ಇನ್ನೂ ಪಾಳಿ ತಪ್ಪಿಸದೆ ಕೆಲಸಕ್ಕೆ ಬರುತ್ತದೆ.

ನವೆಂಬರಿನಲ್ಲಿ ಬಂತು ಮರದ ಮೈ, ಬರ್ಚಿನದು,
ನಡುವೆ ಬೆರಳಿಗೆ ಬೆರಳು ಹೆಣೆದಂಥ ಕಚ್ಚುಜೋಡಣೆ.
ಡಿಸೆಂಬರಿನಲ್ಲಿ ನಳಿಗೆ. ಕ್ರಿಸ್‌ಮಸ್ ಕಾರ್ಡುಗಳ ನಡುವೆ ಬೋಲ್ಟು,
ಎಣ್ಣೆಕಾಗದ ಸುತ್ತಿಕೊಂಡು.
ಆಮೇಲೆ ಎರಡು ಬಿಗಿಪಟ್ಟಿ, ಒಂದು ಸ್ಪ್ರಿಂಗು,
ಯಾರದೋ ಭುಜ ಸವೆಸಿದ ತೊಗಲಿನ ಪಟ್ಟೆ.
ನಳಿಗೆ ಕೂರುವ ಉಕ್ಕಿನ ಗೂಡು ಮಾತ್ರ
ನನ್ನ ಚೀಲದಲ್ಲಿ ಬರುವಂತಿಲ್ಲ.
ಹ್ಯಾನ್‌ಕಾಕಿನ ಪರವಾನಗಿ ಅಂಗಡಿಯಲ್ಲಿ
ಗುರುತಿನ ಚೀಟಿ ತೋರಿಸಿ, ಸಹಿ ಹಾಕಿ, ಕಾದು
ಆತನೇ ತಂದುಕೊಂಡ.

ಒಂದು ದಿನ ಗ್ಯಾರೇಜಿನ ಬಾಗಿಲು ತೆರೆದಿತ್ತು.
"ಕಾಫಿ ಇದೆ, ಸ್ಟಿಮಾಕ್."
ಮೇಜಿನ ಮೇಲೆ ಸೀಮೆಎಣ್ಣೆ, ಹಲ್ಲುಜ್ಜುವ ಬ್ರಶ್ಶು, ಹತ್ತಿ.
ಗೋಡೆಯಲ್ಲಿ ಮೊಳೆಗೆ ಸಿಕ್ಕಿಸಿದ ಫೋಟೋ:
ತಾಯಿಯ ಅಣ್ಣ ತಾಯ್ಸ್ತೊ, ಬಿಳಿ ಅಂಗಿ, ಬಿಳಿ ಹಿಮ,
ಆಳು ಎಲ್ಲಿ ಮುಗಿದು ಹಿಮ ಎಲ್ಲಿ ಶುರುವೋ ತಿಳಿಯದು.
ಬಂದೂಕು ಅರ್ಧ ಮಾತ್ರ ಕಾಣುತ್ತದೆ.
"ಆ ಅರ್ಧ ಸರಿಯಾಗಿ ಬರಬೇಕು," ಎಂದ ಆರ್ವಿಡ್,
"ಉಳಿದರ್ಧಕ್ಕೆ ಸಾಕ್ಷಿ ಇಲ್ಲ."

ಇದು ಅಸಲಿಯೇ, ಕೇಳಿದೆ.
ಆತ ದೀಪ ಬಗ್ಗಿಸಿದ.
ಗೂಡಿನ ಅಡಿಯಲ್ಲಿ, ಮರ ಮುಚ್ಚುವ ಕಡೆ, ತ್ಸಾರನ ಕಾಲದ ಮುದ್ರೆ.
ನಳಿಗೆಯ ಮೇಲೆ ಚೌಕದೊಳಗೆ ಎರಡಕ್ಷರ, ಫಿನ್ನಿಶ್ ಸೇನೆಯದು.
"ಶತ್ರುವಿನ ಗೂಡಿಗೆ ತಮ್ಮ ನಳಿಗೆ ಹೊಂದಿಸಿ
ತುಂಡು ಮರಕ್ಕೆ ತುಂಡು ಮರ ಕಚ್ಚಿಸಿ
ಅವರೂ ಹೀಗೇ ಮಾಡಿದ್ದು.
ನಾನು ನಕಲು ಮಾಡುತ್ತಿರುವುದು
ಒಂದು ರಿಪೇರಿಯನ್ನು."

ಬೋಲ್ಟಿನ ಮೇಲೊಂದು ಅಂಕಿ, ಅದಕ್ಕೆ ಅಡ್ಡಗೆರೆ,
ಕೆಳಗೆ ಬೇರೆ ಅಂಕಿ.
ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.
ದಿನಾ ನೋಡುತ್ತೇನಲ್ಲ:
ಹಳೆಯ ವಿಳಾಸಕ್ಕೊಂದು ಗೆರೆ, ಕೆಳಗೆ ಹೊಸದು,
ಅದಕ್ಕೂ ಗೆರೆ, ಅದರಡಿ ಮತ್ತೊಂದು.
ಒಳಗಿನ ಕಾಗದಕ್ಕೆ ಇದ್ಯಾವುದೂ ಗೊತ್ತಿಲ್ಲ.

ಫೆಬ್ರವರಿಯಲ್ಲಿ ಎಡವಟ್ಟಾಯಿತು.
ಬಂದ ಲಕೋಟೆಯ ಮೂಲೆಯಲ್ಲಿ ತೂತು, ಒಳಗೆ ಏನೂ ಇಲ್ಲ.
ಒಂದು ತಿರುಪು, ಅಷ್ಟೇ. ನನಗೆ ಊಟ ಸೇರಲಿಲ್ಲ.
ಆತ ಮೂರು ದಿನ ಮುಖ ಊದಿಸಿಕೊಂಡ,
ನಾಲ್ಕನೆಯ ದಿನ ಲೇತಿನ ಮುಂದೆ ನಿಂತ.
ತಾನೇ ಕಡೆದ ತಿರುಪಿನ ತಲೆಯ ಅಡಿಗೆ
ಸೂಜಿಮೊನೆಯಲ್ಲಿ ಈ ವರ್ಷವನ್ನೇ ಕೊರೆದ.
"ಮುಂದೆ ಬಿಚ್ಚುವವನಿಗೆ ಸುಳ್ಳು ಹೇಳಬಾರದು ನೋಡು."

ಮೇ ತಿಂಗಳಲ್ಲಿ ಜೀಪು ತೊಳೆಯಲೆಂದು
ರಬ್ಬರು ಹಾಸು ಎತ್ತಿದರೆ, ಉಪ್ಪು ಕೆಸರಿನ ನಡುವೆ
ಕಪ್ಪಗೆ, ಜೋಳದ ಕಾಳಿನಷ್ಟು.
ಓಡಿದೆ.
ಆತ ಬೆಳಕಿಗೆ ಹಿಡಿದ, ತಿರುಗಿಸಿದ,
ಖಾಲಿ ಜಾಮ್ ಬಾಟಲಿಗೆ ಹಾಕಿದ, ಟಣ್.
"ತಡವಾಯಿತು ಇವನಿಗೆ. ಕುರ್ಚಿ ಭರ್ತಿ."

ಎತ್ತಿ ನೋಡು ಎಂದು ಕೈಗೆ ಕೊಟ್ಟ.
ಆ ಗೂಡೊಂದು ಬಿಟ್ಟು
ಬಿಡಿಬಿಡಿಯಾಗಿ ನಾನೇ ಹೊತ್ತು ತಂದದ್ದು
ಈಗ ಒಟ್ಟಾಗಿ ತೋಳು ಜಗ್ಗಿತು.
ಕೊಂದಿದ್ದರೆ, ಕೊಂದದ್ದು ಇದರಲ್ಲಿ ಯಾವುದು?
ಮರವೋ, ನಳಿಗೆಯೋ, ಗೆರೆ ಎಳೆಸಿಕೊಂಡ ಬೋಲ್ಟೋ?
ಮೂರೂ ಮೂರು ಊರಿಂದ ಬಂದವು.
ಕೇಳಬೇಕೆಂದುಕೊಂಡೆ. ಕಾಫಿ ತಣ್ಣಗಾಗುತ್ತಿತ್ತು.

ಫೋಟೋದ ಕೆಳಗೆ ಎರಡು ಮೊಳೆ ಹೊಡೆದು
ಬಂದೂಕನ್ನು ಅಡ್ಡಲಾಗಿ ತೂಗುಹಾಕಿದ.
ಹಿಂದೆ ಸರಿದು ನಿಂತು, ಒಂದು ಕಣ್ಣು ಮುಚ್ಚಿ ನೋಡಿದ.
ಆಮೇಲೆ ತಲೆಯ ಮೇಲಿನ ಉಣ್ಣೆ ಟೋಪಿ ತೆಗೆದು
ಸಾಕ್ಷಿಯಿಲ್ಲದ ಆ ಅರ್ಧಕ್ಕೆ
ಸಿಕ್ಕಿಸಿದ.